ಒಂದೇ ಬೀಜಕ್ಕೆ ಎರಡು ಆಕಾರ

ನವೆಂಬರ್ ಮೊದಲನೆಯ ತಾರೀಖು ಬಂತೆಂದರೆ ದೆಹಲಿಯ ಕನ್ನಡಿಗರಿಗೆ 1956ನೆಯ ಇಸವಿ ನೆನಪಾಗುವುದು ಸಹಜ. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಸೀಮೆಗಳು ಮೈಸೂರಿನೊಡನೆ ಕೂಡಿ ಒಂದೇ ರಾಜ್ಯವಾದ ವರ್ಷವದು. ಅದೇ ವರ್ಷದಲ್ಲಿ ಇನ್ನೆರಡು ಸಂಗತಿಗಳು ನಡೆದುವು. ಆಗಸ್ಟ್ 4ರಂದು ಮುಂಬಯಿಯ ಟ್ರಾಂಬೆಯಲ್ಲಿ ನಮ್ಮ ದೇಶದ ಮೊದಲ ಪರಮಾಣು ರಿಯಾಕ್ಟರು ‘ಅಪ್ಸರಾ’ ಚಾಲನೆಗೊಂಡಿತು. ವರ್ಷಾರಂಭದಲ್ಲಿ ಹರುಹಿಕೊ ಮೊರಿನಾಗ ಎಂಬ ಜಪಾನೀ ವಿಜ್ಞಾನಿ ಅಮೆರಿಕಾದ ಪತ್ರಿಕೆಯೊಂದರಲ್ಲಿ ಒಂದು ಲೇಖನ ಪ್ರಕಟಿಸಿ, ಆಮ್ಲಜನಕದ ಪರಮಾಣುಬೀಜವು ಒಂದು ಸ್ಥಿತಿಯಲ್ಲಿ ದುಂಡಗಿದ್ದು ಇನ್ನೊಂದು ಸ್ಥಿತಿಯಲ್ಲಿ ನೀಳವಾಗಿರಬಹುದೆಂದು ಸೂಚಿಸಿದ. ಮೊದಲನೆಯ ಸಂಗತಿಯನ್ನು ವಿದ್ವಾಂಸರು ಪ್ರತಿವರ್ಷವೂ ಬರೆಯುತ್ತಾರೆ. ಉಳಿದ ಎರಡರ ಕಥೆಯನ್ನು ಈ ಬಾರಿ ನಾನು ಹೇಳಬೇಕೆಂದಿದ್ದೇನೆ. ಬ್ಯಾಂಕಿನ ಗುಮಾಸ್ತನಿಗೆ, ಅದರಲ್ಲಿಯೂ ಬಿ.ಕಾಂ. ಓದಿದವನಿಗೆ, ಪರಮಾಣುವಿನ ಗೊಡವೆ ಏಕೆಂದು ವಾಚಕರು ಕೇಳಿಯಾರು. ಅದಕ್ಕೂ ಒಂದು ಕಾರಣವುಂಟು.

ಮುನೀರ್ಕಾದಿಂದ ವಸಂತಕುಂಜದ ಕಡೆಗೆ ಅರುಣಾ ಅಸಫ್ ಅಲಿ ರಸ್ತೆಯಲ್ಲಿ ಹೋಗುವವರು ಜಾಲಿಮರಗಳ ನಡುವೆ ಒಂದು ಎತ್ತರದ ಕಟ್ಟಡವನ್ನು ಕಂಡಿರಬಹುದು. ನಾನೂ ಅನೇಕ ವರ್ಷ ನೋಡಿದೆ. ನೀರಿನ ಟಾಕಿಯೋ ಏನೋ ಎಂದುಕೊಂಡು ಸುಮ್ಮನಿದ್ದೆ. ಕಳೆದ ಚಳಿಗಾಲದಲ್ಲಿ ಕರ್ನಾಟಕದ ವಿಶ್ವವಿದ್ಯಾನಿಲಯವೊಂದರ ಸಂಶೋಧನ ವಿದ್ಯಾರ್ಥಿಯೊಬ್ಬ, ನಮ್ಮೂರ ಕಡೆಯ ಪರಿಚಯಸ್ಥರ ಮಗ, ಹತ್ತು ದಿನ ನಮ್ಮಲ್ಲಿ ಇಳಿದುಕೊಂಡಿದ್ದ. ರಾತ್ರಿ ಹೊರಟರೆ ಬೆಳಿಗ್ಗೆ ಬರುವನು. “ಇದೇನಪ್ಪಾ, ರಾತ್ರಿಪಾಳಿಯ ಕೆಲಸವೇ?” ಎಂದು ಕೇಳಿದೆ. “ಹೌದಣ್ಣಾ, ಬೀಜ ಯಾವ ಆಕಾರದಲ್ಲಿದೆ ಅಂತ ನೋಡೋ ಕೆಲಸ” ಎಂದ. ನಾನು ನಕ್ಕೆ, ಅವನು ನಗಲಿಲ್ಲ. ಅಂದಿನಿಂದ ನಾನು ಓದಿ ತಿಳಿದದ್ದರ ಸಾರ ಮುಂದಿದೆ.

ಪರಮಾಣುವಿನ ನಡುವೆ ಬಹು ಸಣ್ಣದಾದ ಒಂದು ಬೀಜವಿದೆಯೆಂದು ರುದರ್‌ಫರ್ಡ್ 1911ರಲ್ಲಿ ತೋರಿಸಿಕೊಟ್ಟ. ಇಂಗ್ಲಿಷಿನವರು ನ್ಯೂಕ್ಲಿಯಸ್ ಎನ್ನುವುದು ಇದನ್ನೇ. ಅದರೊಳಗೆ ಪ್ರೋಟಾನುಗಳಿವೆ, ಅವುಗಳ ಜೊತೆಗೆ ವಿದ್ಯುತ್ತಿಲ್ಲದ ನ್ಯೂಟ್ರಾನುಗಳೂ ಇವೆಯೆಂದು 1932ರಲ್ಲಿ ಚಾಡ್‌ವಿಕ್ ಕಂಡುಹಿಡಿದ. ಇಷ್ಟೂ ಕಣಗಳು ಒತ್ತಾಗಿ ಸೇರಿದ ಮೇಲೆ ಬೀಜದ ಆಕಾರ ಯಾವುದು? ರಾಗಿಮುದ್ದೆಯಂತೆ ದುಂಡಗಿರಬೇಕು, ನೀರಿನ ಹನಿಯಂತಿರಬೇಕು ಎಂದು ಎಲ್ಲರೂ ಭಾವಿಸಿದರು. ಹಾಗೆ ಭಾವಿಸಿದ್ದರಲ್ಲಿ ತಪ್ಪೇನಿಲ್ಲ. ಆದರೆ 1938ರ ಡಿಸೆಂಬರಿನಲ್ಲಿ ಜರ್ಮನಿಯ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂ ಬೀಜ ಒಡೆದು ಎರಡು ಹೋಳಾಗುವುದನ್ನು ಕಂಡರು. ಲೀಸ್ ಮೈಟ್ನರ್ ಮತ್ತು ಫ್ರಿಷ್ ಅದರ ಅರ್ಥವನ್ನು ಬಿಡಿಸಿದರು: ಮುದ್ದೆ ಮೊದಲು ಕಡುಬಿನಂತೆ ನೀಳವಾಗುತ್ತದೆ, ನಡು ಸಣ್ಣದಾಗುತ್ತದೆ, ಆಮೇಲೆ ತುಂಡಾಗುತ್ತದೆ. ಬೀಜಕ್ಕೆ ಆಕಾರವಿದೆ, ಅದು ಬದಲಾಗಲೂಬಹುದು ಎಂಬ ಮಾತು ಚರಿತ್ರೆಯೊಳಕ್ಕೆ ಬಂದದ್ದು ಹೀಗೆ.

ಈ ವಿದಳನದ ಚರಿತ್ರೆಯಲ್ಲಿಯೇ ನಮ್ಮವರೊಬ್ಬರು ಬರುತ್ತಾರೆ. ಡಾ|| ರಾಜಾ ರಾಮಣ್ಣನವರು 1925ರಲ್ಲಿ ತುಮಕೂರು ಜಿಲ್ಲೆಯಲ್ಲಿ ಜನಿಸಿದವರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರ್ ಪದವಿ ಪಡೆದು, 1949ರಲ್ಲಿ ಹೋಮಿ ಭಾಭಾ ಅವರ ಟಾಟಾ ಮೂಲಸಂಶೋಧನ ಸಂಸ್ಥೆಯನ್ನು ಸೇರಿದರು. ಆ ಸಂಸ್ಥೆ ಮುಂಬಯಿಯದೆಂದು ಎಲ್ಲರೂ ಬಲ್ಲರು. ಅದು 1945ರ ಜೂನಿನಲ್ಲಿ ಕಣ್ತೆರೆದದ್ದು ಬೆಂಗಳೂರಿನ ವಿಜ್ಞಾನ ಮಂದಿರದ ಅಂಗಳದಲ್ಲಿ, ಆ ವರ್ಷದ ಕೊನೆಗೆ ಮುಂಬಯಿಗೆ ಹೋಯಿತು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡುವವರು ಕಡಿಮೆ. ರಾಮಣ್ಣನವರು ಪಿಯಾನೋ ವಾದ್ಯದಲ್ಲಿ ಪರಿಣತರು. ಭಾಭಾ ಅವರ ಪರಿಚಯವಾದದ್ದೂ ಸಂಗೀತದ ನಂಟಿನಿಂದಲೇ. ಅಪ್ಸರಾ ರಿಯಾಕ್ಟರನ್ನು ಕಟ್ಟಿದ ತಂಡದಲ್ಲಿ ಅವರಿದ್ದರು. 1974ರ ಪೋಖರಣ್ ಪ್ರಯೋಗದಲ್ಲಿ ಮುಂದಾಳಾಗಿದ್ದರು. 1990ರಲ್ಲಿ ಇದೇ ದೆಹಲಿಯಲ್ಲಿ ರಕ್ಷಣಾ ಖಾತೆಯ ರಾಜ್ಯಸಚಿವರಾಗಿದ್ದರು. ಆಮೇಲೆ ರಾಜ್ಯಸಭೆಯ ಸದಸ್ಯರೂ ಆದರು. 2004ರಲ್ಲಿ ತೀರಿಕೊಂಡರು. ಪತ್ರಿಕೆಗಳು ಅವರನ್ನು ನೆನೆಯುವುದು ಪೋಖರಣ್ ಎಂಬ ಒಂದೇ ಹೆಸರಿನಿಂದ. ಆದರೆ ಅವರು ವಿಜ್ಞಾನಿಯಾಗಿ ವರ್ಷಗಟ್ಟಲೆ ಬೆನ್ನು ಹತ್ತಿದ ಪ್ರಶ್ನೆ ಬೇರೆ: ಬೀಜ ಒಡೆಯುವಾಗ ಎರಡು ಸಮಭಾಗವಾಗದೆ ಒಂದು ಹೋಳು ದೊಡ್ಡದು, ಒಂದು ಚಿಕ್ಕದು ಆಗುವುದೇಕೆ?

ಅವಿಭಕ್ತ ಕುಟುಂಬದ ಪಾಲು ಪಟ್ಟಿಯನ್ನು ಕಂಡವರಿಗೆ ಈ ಪ್ರಶ್ನೆ ಹೊಸದಲ್ಲ. ಯುರೇನಿಯಂ ಬೀಜ ಒಡೆದಾಗ ಹಿರಿಯ ಪಾಲಿನ ತೂಕ ಸುಮಾರು 140, ಕಿರಿಯ ಪಾಲಿನದು ಸುಮಾರು 95 ಬರುತ್ತದೆ. ಬೇರ್ಪಡುವ ಮುನ್ನ ಎರಡು ಹೋಳುಗಳೂ ಕಣಗಳನ್ನು ಒಂದರಿಂದೊಂದಕ್ಕೆ ಕೊಟ್ಟು ಕೊಳ್ಳುತ್ತಿರುತ್ತವೆ, ಆ ಕೊಡುಕೊಳ್ಳುವಿಕೆಯಿಂದಲೇ ಈ ಹಂಚಿಕೆ ನಿಲ್ಲುತ್ತದೆ ಎಂದು ರಾಮಣ್ಣನವರು 1960ರ ದಶಕದಲ್ಲಿ ಒಂದು ವಿವರಣೆಯನ್ನು ಮಂಡಿಸಿದರು. ಎಸ್. ಎಸ್. ಕಪೂರ್ ಮೊದಲಾದ ಸಂಗಡಿಗರೊಡನೆ, ಒಡೆದ ಹೋಳುಗಳಿಂದ ಚಿಮ್ಮುವ ನ್ಯೂಟ್ರಾನುಗಳನ್ನೂ ಗಾಮಾ ಕಿರಣಗಳನ್ನೂ ಟ್ರಾಂಬೆಯಲ್ಲಿ ಅಳೆದರು. ಈ ಪಾಲಿನಲ್ಲಿ ಇನ್ನೊಂದು ವಿಶೇಷವಿದೆ. ಭಾರವಾದ ಬೀಜಗಳಲ್ಲಿ ನ್ಯೂಟ್ರಾನುಗಳ ಸಂಖ್ಯೆ ಪ್ರೋಟಾನುಗಳಿಗಿಂತ ಬಹಳ ಹೆಚ್ಚು. ಒಡೆದಾಗ ಮಕ್ಕಳಿಗೂ ಅದೇ ಪ್ರಮಾಣದ ಆಸ್ತಿ ಬರುತ್ತದೆ. ಭೂಮಿಯಲ್ಲಿ ಸ್ವಾಭಾವಿಕವಾಗಿ ಹೇರಳವಾಗಿರುವ ಜಿರ್ಕೋನಿಯಂ ಬೀಜದಲ್ಲಿ 40 ಪ್ರೋಟಾನಿಗೆ 50 ನ್ಯೂಟ್ರಾನು. ವಿದಳನದಿಂದ ಹುಟ್ಟುವ ಜಿರ್ಕೋನಿಯಮಿನಲ್ಲಿ ಅದೇ 40 ಪ್ರೋಟಾನಿಗೆ 60 ನ್ಯೂಟ್ರಾನುಗಳಿರಬಹುದು. ನ್ಯೂಟ್ರಾನು ತುಂಬಿದ ಇಂಥ ಬೀಜಗಳಿಗೆ ಆಯುಸ್ಸು ಕಡಿಮೆ, ಕೆಲವು ಸೆಕೆಂಡುಗಳಷ್ಟೇ. ಕಾರವಾರದ ಬಳಿಯ ಕೈಗಾದಲ್ಲಿ ರಿಯಾಕ್ಟರು ನಡೆಯುತ್ತಿರುವ ಹೊತ್ತೆಲ್ಲ ಇವು ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ, ಅಳಿಯುತ್ತವೆ.

ಇತ್ತ ಬೀಜದ ಒಳಗಿನ ವ್ಯವಸ್ಥೆಯನ್ನು ಕುರಿತು ಬೇರೆ ಕಡೆ ವಿಚಾರ ನಡೆದಿತ್ತು. 1949ರಲ್ಲಿ ಮರಿಯಾ ಮೇಯರ್ ಎಂಬ ಮಹಿಳೆಯೂ, ಜರ್ಮನಿಯಲ್ಲಿ ಯೆನ್ಸನ್ ಮತ್ತು ಸಂಗಡಿಗರೂ, ಬೀಜದೊಳಗೆ ಅಂತಸ್ತುಗಳಿವೆಯೆಂದು ವಾದಿಸಿದರು. 2, 8, 20, 28, 50, 82, 126 — ಈ ಸಂಖ್ಯೆಗೆ ಕಣಗಳು ಬಂದಾಗ ಒಂದು ಅಂತಸ್ತು ಪೂರ್ತಿ ತುಂಬುತ್ತದೆ. ಬೀಜ ದುಂಡಗೆ, ಗಟ್ಟಿಯಾಗಿ ನಿಲ್ಲುತ್ತದೆ. ಇವಕ್ಕೆ ಮಾಯಾಸಂಖ್ಯೆಗಳೆಂದು ಹೆಸರಾಯಿತು. ಮಾಯಾಸಂಖ್ಯೆಯಿಂದ ದೂರ ಸರಿದ ಬೀಜಗಳು ದುಂಡಗಿರಬೇಕಾಗಿಲ್ಲವೆಂದು 1950ರಲ್ಲಿ ರೇನ್‌ವಾಟರ್ ಹೇಳಿದ. ಆ ಕಾಲಕ್ಕೆ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅವನ ಕೋಣೆಯಲ್ಲಿಯೇ ಕುಳಿತಿದ್ದವನು ಡೆನ್ಮಾರ್ಕಿನ ಆಗೆ ಬೋರ್. ಇವನು ಊರಿಗೆ ಮರಳಿ ಮೊಟೆಲ್ಸನ್ನನೊಡನೆ ಸೇರಿ ಆ ವಿಚಾರವನ್ನು ಶಾಸ್ತ್ರವಾಗಿ ಬೆಳೆಸಿದ. ಮೂವರಿಗೂ 1975ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಲ್ಲಿಗೆ ವ್ಯವಸ್ಥೆ ಚೊಕ್ಕಟವಾಯಿತು: ಮಾಯಾಸಂಖ್ಯೆಯುಳ್ಳವು ಮುದ್ದೆ, ನಡುವಿನವುಗಳಲ್ಲಿ ಬಹುಮಟ್ಟಿಗೆ ಕಡುಬು, ಅಪರೂಪಕ್ಕೆ ಮದ್ದೂರು ವಡೆಯಂತೆ ಚಪ್ಪಟೆ. ಒಂದು ಬೀಜಕ್ಕೆ ಒಂದು ಆಕಾರ.

ಈ ಚೊಕ್ಕಟತನಕ್ಕೆ ಮೊದಲೇ ಅಡ್ಡಿಯಾಗಿದ್ದವನು ಮೊರಿನಾಗ. ಆಮ್ಲಜನಕದಲ್ಲಿ 8 ಪ್ರೋಟಾನು, 8 ನ್ಯೂಟ್ರಾನು, ಎರಡೂ ಮಾಯಾಸಂಖ್ಯೆ. ಆದರೂ 60 ಲಕ್ಷ ಎಲೆಕ್ಟ್ರಾನ್ ವೋಲ್ಟಿಗೆ ತುಸು ಮೇಲೆ ಅದಕ್ಕೊಂದು ಸ್ಥಿತಿಯುಂಟು. ಅದು ಅಷ್ಟು ಕೆಳಗೆ ಇರುವುದು ಅಂತಸ್ತಿನ ಲೆಕ್ಕಕ್ಕೆ ಒಗ್ಗುತ್ತಿರಲಿಲ್ಲ. ಕೆಲವು ಕಣಗಳು ಒಟ್ಟಾಗಿ ಮೇಲಂತಸ್ತಿಗೆ ಹಾರಿದಾಗ ಬೀಜವೇ ನೀಳವಾಗುತ್ತದೆ, ನೀಳವಾದ್ದರಿಂದ ಶಕ್ತಿಯ ಉಳಿತಾಯವಾಗುತ್ತದೆ ಎಂದು ಅವನು ಊಹಿಸಿದ. ನನಗೆ ಅರ್ಥವಾದ ಭಾಷೆಯಲ್ಲಿ ಹೇಳುವುದಾದರೆ ಇದು ಸಾಲ ಮಾಡಿ ವ್ಯಾಪಾರ ಹೂಡಿದ ಹಾಗೆ. ಕಣಗಳನ್ನು ಮೇಲೆತ್ತಲು ತಗಲುವ ಶಕ್ತಿ ಸಾಲ. ಮೇಲೆ ಹೋದ ಕಣಗಳು ಪರಸ್ಪರ ಸೆಳೆತದಿಂದ ನೀಳ ಆಕಾರದಲ್ಲಿ ಗಳಿಸುವುದು ಲಾಭ. ಸಾಮಾನ್ಯ ಬೀಜಗಳಲ್ಲಿ ಸಾಲವೇ ಹೆಚ್ಚು, ಆದ್ದರಿಂದ ವ್ಯಾಪಾರಕ್ಕೆ ಇಳಿಯುವುದಿಲ್ಲ, ದುಂಡಗೆ ಕುಳಿತಿರುತ್ತವೆ. ಸಾಲವೂ ಲಾಭವೂ ಹೆಚ್ಚುಕಡಿಮೆ ಸರಿಹೋದರೆ? ಆಗ ದುಂಡಗಿನ ಸ್ಥಿತಿಯೂ ನೀಳ ಸ್ಥಿತಿಯೂ ಒಂದರ ಮಗ್ಗುಲಲ್ಲಿ ಒಂದು ಇರುತ್ತವೆ. ಕಣಗಳ ಸಂಖ್ಯೆಯಲ್ಲಿ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ; ಆಕಾರ ಮಾತ್ರ ಎರಡು. ಇದಕ್ಕೆ ಆಕಾರಗಳ ಸಹಬಾಳ್ವೆ ಎನ್ನೋಣ.

ಯಾರೂ ಕಾಣದ ಬೀಜದ ಆಕಾರವನ್ನು ತಿಳಿಯುವುದು ಹೇಗೆಂದು ಕೇಳಿದ್ದಕ್ಕೆ ನಮ್ಮ ಅತಿಥಿ ಊಟದ ಮೇಜಿನ ಮೇಲೆ ಒಂದು ಗೋಲಿಯನ್ನೂ ಒಂದು ಮೊಟ್ಟೆಯನ್ನೂ ತಿರುಗಿಸಿ ತೋರಿಸಿದ. ನುಣುಪಾದ ಗೋಲಿ ತಿರುಗುತ್ತಿದೆಯೋ ನಿಂತಿದೆಯೋ ಹೇಳಲಾಗದು. ಮೊಟ್ಟೆ ತಿರುಗುವುದು ಕಣ್ಣಿಗೆ ಕಾಣುತ್ತದೆ. ಬೀಜಗಳ ಲೋಕದಲ್ಲಿ ಪೂರ್ಣ ದುಂಡಾದುದಕ್ಕೆ ಹಾಗೆ ಸುತ್ತುವ ಸ್ಥಿತಿಗಳೇ ಇಲ್ಲ. ಅದನ್ನು ಕೆರಳಿಸಬೇಕಾದರೆ ಬಹಳ ಶಕ್ತಿ ಬೇಕು. ನೀಳವಾದುದು ಅಲ್ಪ ಶಕ್ತಿಯಿಂದಲೇ ತಿರುಗತೊಡಗಿ, ಸುಮ್ಮನಾಗುವಾಗ ಆ ಶಕ್ತಿಯನ್ನು ಗಾಮಾ ಕಿರಣವಾಗಿ ಬಿಡುತ್ತದೆ. ಕಿರಣದ ಶಕ್ತಿ ಅಳೆದರೆ ಆಕಾರದ ಸುಳಿವು ಸಿಕ್ಕಿತು. 1970ರಲ್ಲಿ ಅಮೆರಿಕಾದ ಬರ್ಕ್‌ಲಿಯಲ್ಲಿ ಶೈಫೆಟ್ಸ್ ಮತ್ತು ಸಂಗಡಿಗರು ತಾನಾಗಿಯೇ ಒಡೆಯುವ ಕ್ಯಾಲಿಫೋರ್ನಿಯಂ ಧಾತುವಿನ ಹೋಳುಗಳನ್ನು ಹೀಗೆ ಪರೀಕ್ಷಿಸಿದರು. ರಾಮಣ್ಣನವರ ತಂಡ ಅಳೆಯುತ್ತಿದ್ದಂಥ ಹೋಳುಗಳೇ ಇವು. ಈಗ ಪ್ರತಿಯೊಂದು ಹೋಳಿನ ಗುರುತನ್ನೂ ಹಿಡಿಯುವ ಸಾಧನ ಬಂದಿತ್ತು. ತೂಕ 98ರ ಜಿರ್ಕೋನಿಯಂ ಬೀಜವನ್ನು ಮೊದಲ ಮೆಟ್ಟಿಲಿಗೇರಿಸಲು 1223 ಸಾವಿರ ಎಲೆಕ್ಟ್ರಾನ್ ವೋಲ್ಟು ಬೇಕು. ಎರಡೇ ಎರಡು ನ್ಯೂಟ್ರಾನು ಸೇರಿ ತೂಕ 100 ಆದರೆ, 213 ಸಾವಿರ ಸಾಕು! ಎರಡು ಕಣ ಹೆಚ್ಚಾದ ಮಾತ್ರಕ್ಕೆ ಮುದ್ದೆ ಕಡುಬಾಯಿತು. ಹಾಗಾದರೆ ದುಂಡು ಆಕಾರ ಎಲ್ಲಿ ಹೋಯಿತು? ಅದು ಎಲ್ಲಿಗೂ ಹೋಗಿಲ್ಲ. ಅದೇ ಬೀಜದಲ್ಲಿ 331 ಸಾವಿರ ವೋಲ್ಟಿನಷ್ಟು ಮೇಲೆ ಹತ್ತಿರದಲ್ಲಿಯೇ ಕುಳಿತಿದೆ.

ಈ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದ ಅಧ್ಯಾಯ ಇನ್ನೊಂದಿದೆ. ಅದು ನಾವು ದಿನವೂ ತಿನ್ನುವ ಉಪ್ಪಿನಲ್ಲಿರುವ ಸೋಡಿಯಮ್ಮಿನದು. ಬಿ.ಕಾಂ. ತರಗತಿಯಲ್ಲಿ ನಮ್ಮ ಮೇಷ್ಟರು ಹೇಳುತ್ತಿದ್ದರು: ಜಮಾ ಖರ್ಚು ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ, ಶೇಷವುಳಿಯದಿದ್ದರೆ ಎಲ್ಲಿಯೋ ಅಂಕಿಗಳು ಹಿಂದುಮುಂದಾಗಿವೆ ಎಂದು ಸಂಶಯಪಡಿ. ಈಗ ಗಣಕಯಂತ್ರವೇ ತಾಳೆ ಹಾಕುತ್ತದೆ. ಆದರೂ ಕ್ಯಾಷ್ ಕೌಂಟರಿನಲ್ಲಿ ಕುಳಿತವನಿಗೆ ಸಂಜೆ ಹತ್ತು ರೂಪಾಯಿ ಹೆಚ್ಚು ಬಂದರೂ ನಿದ್ದೆಯಿಲ್ಲ. ಕಡಿಮೆ ಬಂದರೆ ಕೈಯಿಂದ ಹಾಕಬಹುದು. ಹೆಚ್ಚು ಬಂದರೆ ಏನು ಮಾಡುವುದು? ಸಸ್ಪೆನ್ಸ್ ಖಾತೆಗೆ ಹಾಕಿ ಮನೆಗೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. 1975ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿ ಕ್ಯಾಥರೀನ್ ಥಿಬೋ, ರಾಬರ್ಟ್ ಕ್ಲಾಪಿಶ್ ಮೊದಲಾದ ಫ್ರೆಂಚ್ ವಿಜ್ಞಾನಿಗಳು ನ್ಯೂಟ್ರಾನು ತುಂಬಿದ ಸೋಡಿಯಂ ಬೀಜಗಳನ್ನು ತೂಗುತ್ತಿದ್ದರು. ಬೀಜದ ತೂಕವೆಂದರೆ ಅದರ ಲೆಕ್ಕದ ಪುಸ್ತಕ. ಕಣಗಳೆಲ್ಲವನ್ನೂ ಬಿಡಿಬಿಡಿಯಾಗಿ ತೂಗಿದ ಮೊತ್ತಕ್ಕಿಂತ ಎಷ್ಟು ಕಡಿಮೆ ಬರುತ್ತದೋ ಅಷ್ಟೂ ಅವುಗಳನ್ನು ಬಿಗಿಯುವ ಶಕ್ತಿ. ಉಪ್ಪಿನ ಸೋಡಿಯಮಿನಲ್ಲಿ 12 ನ್ಯೂಟ್ರಾನು. ಅದನ್ನು ದಾಟಿ 20ಕ್ಕೆ ಬಂದಾಗ, ಮಾಯಾಸಂಖ್ಯೆಯಾದ್ದರಿಂದ ಅಲ್ಲಿ ಬೀಜ ದುಂಡಗಿರಬೇಕು, ಲೆಕ್ಕವೂ ಅದಕ್ಕೆ ತಕ್ಕಂತಿರಬೇಕು. ಆದರೆ ಬೀಜ ನಿರೀಕ್ಷೆಗಿಂತ ಬಿಗಿಯಾಗಿತ್ತು; ಖಾತೆಯಲ್ಲಿ ಹಣ ಹೆಚ್ಚಾಗಿ ಬಂದಿತ್ತು. ಅವರು ವ್ಯತ್ಯಾಸವನ್ನು ಸಸ್ಪೆನ್ಸಿಗೆ ಹಾಕಲಿಲ್ಲ. ಬೀಜ ನೀಳವಾಗಿದೆಯೆಂದು ಒಪ್ಪಿದರೆ ಲೆಕ್ಕ ತಾಳೆಯಾಗುತ್ತದೆಂದು ಅದೇ ವರ್ಷ ಕಾಂಪಿ ಮೊದಲಾದವರು ತೋರಿಸಿದರು. ಮಾಯಾಸಂಖ್ಯೆ 20 ಅಲ್ಲಿ ಮಾಯವಾಗಿತ್ತು.

ಪಕ್ಕದ ಧಾತು ಮೆಗ್ನೀಸಿಯಂ ಇದಕ್ಕೆ ಸಾಕ್ಷಿ ನುಡಿಯಿತು. 20 ನ್ಯೂಟ್ರಾನುಗಳುಳ್ಳ ಸಿಲಿಕಾನ್ ಬೀಜವನ್ನು ಕೆರಳಿಸಲು 3326 ಸಾವಿರ ಎಲೆಕ್ಟ್ರಾನ್ ವೋಲ್ಟು ಬೇಕು. ಎರಡು ಪ್ರೋಟಾನು ಕಡಿಮೆಯಿರುವ ಮೆಗ್ನೀಸಿಯಂ-32ಕ್ಕೆ 885 ಸಾವಿರ ಸಾಕೆಂದು 1979ರಲ್ಲಿ ತಿಳಿದುಬಂತು. ನೀಳ ಆಕಾರವೇ ಅಲ್ಲಿ ಮನೆಯ ಯಜಮಾನ. ಹಾಗಾದರೆ ದುಂಡು ಆಕಾರವೂ ಅಲ್ಲಿಯೇ ಮೇಲೆಲ್ಲೋ ಇರಬೇಕಲ್ಲವೇ? ಇದನ್ನು ಹುಡುಕಲು ಮೂವತ್ತು ವರ್ಷ ಹಿಡಿಯಿತು; ಆ ಬೀಜ ಬದುಕುವುದೇ ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. 2010ರಲ್ಲಿ ಸರ್ನ್‌ನಲ್ಲಿಯೇ ಕ್ಯಾಥ್ರಿನ್ ವಿಮ್ಮರ್ ಮತ್ತು ಸಂಗಡಿಗರು ಮೆಗ್ನೀಸಿಯಂ-30ರ ಧಾರೆಯನ್ನು ಟ್ರಿಷಿಯಂ ಮೇಲೆ ಹಾಯಿಸಿ, ಎರಡು ನ್ಯೂಟ್ರಾನುಗಳನ್ನು ದಾನ ಕೊಡಿಸಿ, 1058 ಸಾವಿರ ವೋಲ್ಟಿನ ಬಳಿ ಅದನ್ನು ಕಂಡರು. ಅದು ಅಪ್ಪಟ ದುಂಡಲ್ಲ, ಎರಡರ ಬೆರಕೆ ಎಂಬ ವಾದವೂ ಆಮೇಲೆ ಬಂದಿದೆ. ಇಂಥ ಬೆರಕೆ ನಮಗೇನೂ ವಿಚಿತ್ರವಲ್ಲ. ಅಜ್ಜಿಯೊಡನೆ ದೂರವಾಣಿಯಲ್ಲಿ ಕನ್ನಡವನ್ನೂ ಬಾಗಿಲಾಚೆ ಹಿಂದಿಯನ್ನೂ ಆಡುವ ಮಗಳು, ಸಿಟ್ಟು ಬಂದಾಗ ಎರಡನ್ನೂ ಕಲಸುತ್ತಾಳೆ.

ಈಗ ಅರುಣಾ ಅಸಫ್ ಅಲಿ ರಸ್ತೆಯ ಕಟ್ಟಡಕ್ಕೆ ಬರೋಣ. ಒಂದೊಂದು ವಿಶ್ವವಿದ್ಯಾನಿಲಯವೂ ದೊಡ್ಡ ಯಂತ್ರ ಕೊಳ್ಳಲಾರದು. ಎಲ್ಲರಿಗೂ ಒಂದು ಇರಲಿ ಎಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ 1984ರಲ್ಲಿ ಪರಮಾಣುಬೀಜ ವಿಜ್ಞಾನ ಕೇಂದ್ರವನ್ನು ಇಲ್ಲಿ ಸ್ಥಾಪಿಸಿತು. ಪ್ರೊ|| ಜಿ. ಕೆ. ಮೆಹ್ತಾ ಮೊದಲ ನಿರ್ದೇಶಕರು. 1991ರಿಂದ ಯಂತ್ರ ಕೆಲಸ ಮಾಡುತ್ತಿದೆ. 2005ರಿಂದ ಅದಕ್ಕೆ ಅಂತರ ವಿಶ್ವವಿದ್ಯಾನಿಲಯ ವೇಗವರ್ಧಕ ಕೇಂದ್ರವೆಂದು ಹೆಸರು. ಗೋಪುರದೊಳಗೆ ಸುಮಾರು 26 ಮೀಟರು ಎತ್ತರದ ಉಕ್ಕಿನ ಹಂಡೆ ನೆಟ್ಟಗೆ ನಿಂತಿದೆ. ಕಿಡಿ ಹಾರದಂತೆ ಅದರಲ್ಲಿ ವಿಶೇಷವಾದ ಅನಿಲವೊಂದನ್ನು ತುಂಬಿದ್ದಾರೆ. ಹಳೆಯ ಕಾಲದ ಬಾವಿಯ ರಾಟೆಯಲ್ಲಿ ಕುಡಿಕೆಗಳ ಸರಪಣಿ ನೀರನ್ನು ಹೊರುವಂತೆ, ಇಲ್ಲಿ ಲೋಹದ ಗುಂಡುಗಳ ಸರಪಣಿ ವಿದ್ಯುತ್ತನ್ನು ಹೊತ್ತು ಹಂಡೆಯ ನಡುಭಾಗಕ್ಕೆ ಸುರಿಯುತ್ತದೆ. ಅಲ್ಲಿ ಒಂದೂವರೆ ಕೋಟಿ ವೋಲ್ಟಿನವರೆಗೆ ಒತ್ತಡ ಏರುತ್ತದೆ. ಮೇಲಿನಿಂದ ಬಿಟ್ಟ ಋಣ ವಿದ್ಯುತ್ತಿನ ಕಣಗಳು ನಡುವಿಗೆ ಸೆಳೆಯಲ್ಪಡುತ್ತವೆ. ಅಲ್ಲಿ ತೆಳುವಾದ ಇಂಗಾಲದ ಹಾಳೆ ಅವುಗಳ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಧನ ವಿದ್ಯುತ್ತಿನವಾದ ಅವನ್ನು ಅದೇ ಒತ್ತಡ ಕೆಳಕ್ಕೆ ನೂಕುತ್ತದೆ. ಒಂದೇ ಬಂಡವಾಳದಿಂದ ಎರಡು ಸಲ ಬಡ್ಡಿ!

ಕೆಳಗೆ ಕಿರಣಗಳನ್ನು ಹಿಡಿಯುವ ಶೋಧಕಗಳ ವ್ಯೂಹವಿದೆ. ನಾಲ್ಕು ಜರ್ಮೇನಿಯಂ ಹರಳುಗಳನ್ನು ನಾಲ್ಕೆಸಳಿನಂತೆ ಜೋಡಿಸಿದ ಒಂದೊಂದು ಶೋಧಕವನ್ನೂ ದ್ರವ ನೈಟ್ರೋಜನ್ನಿನಿಂದ ತಣ್ಣಗಿಡಬೇಕು. ಇವುಗಳನ್ನು ಒಟ್ಟುಗೂಡಿಸಿದ ರಾಷ್ಟ್ರೀಯ ಗಾಮಾ ವ್ಯೂಹ ಒಂದು ಊರಿಗೆ ಸೇರಿದುದಲ್ಲ. ಕೆಲವು ಕಾಲ ಮುಂಬಯಿ, ಕೆಲವು ಕಾಲ ಕಲಕತ್ತೆ, ಕೆಲವು ಕಾಲ ದೆಹಲಿ. ಗುಬ್ಬಿ ಕಂಪೆನಿಯವರ ಕ್ಯಾಂಪಿನಂತೆ, ಪರದೆ ಸಾಮಾನುಗಳನ್ನೆಲ್ಲ ಕಟ್ಟಿಕೊಂಡು ಊರೂರಿಗೆ! (ಗುಬ್ಬಿಯೂ ತುಮಕೂರು ಜಿಲ್ಲೆಯದೇ.) ಒಂದು ಮಾತನ್ನು ಮರೆಮಾಚಬಾರದು. ದೆಹಲಿಯ ಯಂತ್ರದಲ್ಲಿ ಸಾಮಾನ್ಯವಾಗಿ ಎರಡು ಸ್ಥಿರವಾದ ಬೀಜಗಳನ್ನು ಬೆಸೆಯುತ್ತಾರೆ. ಬೆಸೆದಾಗ ಹುಟ್ಟುವುದು ಹೆಚ್ಚಾಗಿ ನ್ಯೂಟ್ರಾನು ಕಡಿಮೆಯಿರುವ ಬೀಜ. ಚಿಕ್ಕ ಬೀಜಗಳು ತರುವ ನ್ಯೂಟ್ರಾನುಗಳು ದೊಡ್ಡ ಬೀಜದ ಅಗತ್ಯಕ್ಕೆ ಸಾಲುವುದಿಲ್ಲ. ಆದ್ದರಿಂದ ಆಕಾರಗಳ ಕುರಿತು ಇಲ್ಲಿ ನಡೆಯುವ ಕೆಲಸ ಬಹುಪಾಲು ಬಡವರ ಮನೆಯದು. ನ್ಯೂಟ್ರಾನು ಸಿರಿವಂತರ ಅಧ್ಯಯನಕ್ಕೆ ಅಸ್ಥಿರ ಬೀಜಗಳ ಧಾರೆಯನ್ನೇ ಹರಿಸುವ ಯಂತ್ರ ಬೇಕು. ಅದರಲ್ಲಿ ಜಪಾನು, ಯೂರೋಪು, ಅಮೆರಿಕಾ ಮುಂದಿವೆ. ರಾಮಣ್ಣನವರ ಕಾಲದಲ್ಲಿ ವಿದಳನದ ಅಳತೆಯಲ್ಲಿ ಟ್ರಾಂಬೆ ಯಾರಿಗೂ ಬಹಳ ಹಿಂದೆ ಇರಲಿಲ್ಲ. ಈಗ ಈ ಅಂತರ ಬೆಳೆದಿರುವುದು ಈ ಲೇಖಕನಿಗೆ ನೋವಿನ ಸಂಗತಿ.

ಇದರಿಂದ ನಮಗೇನು ಲಾಭವೆಂದು ಮನೆಯಾಕೆ ಕೇಳಿದ್ದಳು. ನಮ್ಮ ಶಾಖೆಯಲ್ಲಿ ಒಡವೆ ಸಾಲ ಕೊಡುತ್ತೇವೆ. ತಕ್ಕಡಿಯಲ್ಲಿಡುವ ಪ್ರತಿಯೊಂದು ಬಳೆಯ ಚಿನ್ನವೂ ಒಂದು ಕಾಲಕ್ಕೆ ನ್ಯೂಟ್ರಾನು ತುಂಬಿದ ಅಲ್ಪಾಯುಷಿ ಬೀಜವಾಗಿತ್ತು. ನಕ್ಷತ್ರಲೋಕದ ಮಹಾ ಅನಾಹುತಗಳಲ್ಲಿ ಬೀಜಗಳು ನ್ಯೂಟ್ರಾನುಗಳನ್ನು ಒಂದೇ ಸಮನೆ ನುಂಗಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಚಿನ್ನವಾಗುತ್ತವೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನು ನಕ್ಷತ್ರಗಳ ಢಿಕ್ಕಿಯ ಅಲೆಗಳು ಭೂಮಿಗೆ ತಲುಪಿದಾಗ, ಬೆಳಕಿನಲ್ಲಿ ಇಂಥ ಭಾರಧಾತುಗಳ ಗುರುತು ಕಂಡಿತು. ಆ ದಾರಿಯಲ್ಲಿ ಯಾವ ಬೀಜ ಎಷ್ಟು ಹೊತ್ತು ನಿಲ್ಲುತ್ತದೆ, ಯಾವುದು ಎಷ್ಟು ಬಿಗಿ ಎಂಬುದರ ಮೇಲೆ ಯಾವ ಧಾತು ಎಷ್ಟು ಹುಟ್ಟುತ್ತದೆಂಬುದು ನಿಂತಿದೆ. ಬಿಗಿತಕ್ಕೂ ಆಕಾರಕ್ಕೂ ಇರುವ ಸಂಬಂಧವನ್ನು ಸೋಡಿಯಂ ಆಗಲೇ ಹೇಳಿದೆ.

2019ರಲ್ಲಿ ಜಪಾನಿನ ರೈಕೆನ್ ಸಂಸ್ಥೆಯಿಂದ ನಿಕ್ಕಲ್-78ರ ಸಮಾಚಾರ ಬಂತು. 28 ಪ್ರೋಟಾನು, 50 ನ್ಯೂಟ್ರಾನು, ಎರಡೂ ಮಾಯಾಸಂಖ್ಯೆ. 26 ಲಕ್ಷ ಎಲೆಕ್ಟ್ರಾನ್ ವೋಲ್ಟಿನವರೆಗೆ ಅದು ಅಲುಗಲಿಲ್ಲ. ಮಾಯೆ ಅಲ್ಲಿ ಉಳಿದಿದೆ. ಆದರೆ ಅದಕ್ಕೆ ತುಸು ಮೇಲೆ, 29 ಲಕ್ಷದ ಬಳಿ, ನೀಳ ಆಕಾರದ ಸುಳಿವು ಸಿಕ್ಕಿದೆ. ಇನ್ನೂ ಆಚೆ ಹೋದರೆ ಅದು ಕೆಳಗಿಳಿದು ಯಜಮಾನಿಕೆ ವಹಿಸೀತೆಂದು ಗಣಿತಜ್ಞರ ಊಹೆ.

ನಮ್ಮ ಅತಿಥಿ ಹತ್ತನೆಯ ದಿನ ಬೆಳಿಗ್ಗೆ ಗೋಪುರದಿಂದ ಬಂದು, ಕಾಫಿ ಕುಡಿದು, ಅಂಕಿಗಳನ್ನೆಲ್ಲ ತುಂಬಿಕೊಂಡ ಅಂಗೈಯಗಲದ ಪೆಟ್ಟಿಗೆಯನ್ನು ಬಟ್ಟೆಗಳ ನಡುವೆ ಜೋಪಾನವಾಗಿಟ್ಟ. “ಆಕಾರ ಗೊತ್ತಾಯಿತೇನಪ್ಪಾ?” ಎಂದೆ. “ಈಗಲೇ ಹೇಗೆ ಹೇಳೋದಣ್ಣಾ, ಲೆಕ್ಕ ತಾಳೆ ಹಾಕೋಕೇ ಒಂದು ವರ್ಷ ಬೇಕು” ಎಂದ. ಮಧ್ಯಾಹ್ನ ನಿಜಾಮುದ್ದೀನಿನಲ್ಲಿ ಅವನನ್ನು ರೈಲು ಹತ್ತಿಸಿ ಬಂದೆ.